ಪ್ರಿಂಟರ್ ಕೇಬಲ್ ಕೊನೆಗೆ ಹಾಕಿ: ಮಾಡಬೇಕಾದ್ದು, ಮಾಡಬಾರದ್ದು

ಸೈಬರ್ ಸೆಂಟರ್, ಜೆರಾಕ್ಸ್ ಅಂಗಡಿ, ಗ್ರಾಮ ಒನ್ ಕೇಂದ್ರ, ಹಾಲಿನ ಸೊಸೈಟಿ, ಶಾಲೆಯ ಆಫೀಸು, ಮನೆ. ಪ್ರಿಂಟರ್ ಎಲ್ಲಿ ಕೂರಿಸಿದರೂ ಕ್ರಮ ಒಂದೇ. ಮೊದಲು ಅರ್ಥಿಂಗ್. ಆಮೇಲೆ ಡ್ರೈವರ್. ಯುಎಸ್‌ಬಿ ಕೇಬಲ್ ಎಲ್ಲಕ್ಕಿಂತ ಕೊನೆಗೆ. ಪೂರ್ತಿ ಓದಲು ಪುರುಸೊತ್ತಿಲ್ಲದವರು ಇಷ್ಟನ್ನಾದರೂ ಪಾಲಿಸಿ.

ಮಾಡಬೇಕಾದ್ದು

ಕರೆಂಟ್

– ಸ್ವಿಚ್ ಬೋರ್ಡಿಗೆ ಅರ್ಥಿಂಗ್ ಇದೆಯೇ ಎಂದು ಎಲೆಕ್ಟ್ರಿಷಿಯನ್ ಕೈಯಲ್ಲಿ ಪರೀಕ್ಷೆ ಮಾಡಿಸಿ. ಸಾಕೆಟ್ಟಿನಲ್ಲಿ ಮೂರನೇ ತೂತು ಇದ್ದ ಮಾತ್ರಕ್ಕೆ ಅರ್ಥಿಂಗ್ ಇದೆ ಎಂದಲ್ಲ. ತೂತಿನ ಹಿಂದೆ ತಂತಿಯೇ ಇಲ್ಲದ ಬೋರ್ಡುಗಳು ಹಳೇ ಕಟ್ಟಡಗಳಲ್ಲಿ ಬೇಕಾದಷ್ಟಿವೆ.
– ಪ್ರಿಂಟರ್, ಕಂಪ್ಯೂಟರ್ ಎರಡಕ್ಕೂ ಒಂದೇ ಬೋರ್ಡಿನಿಂದ ಕರೆಂಟ್ ಕೊಡಿ.
– ಲೇಸರ್ ಪ್ರಿಂಟರಿನ ಪ್ಲಗ್ಗನ್ನು ನೇರ ಗೋಡೆಯ ಸಾಕೆಟ್ಟಿಗೆ ಹಾಕಿ.
– ಯುಪಿಎಸ್ ಅನ್ನು ಕಂಪ್ಯೂಟರಿಗೆ ಮಾತ್ರ ಬಿಡಿ.
– ದೊಡ್ಡ ಜೆರಾಕ್ಸ್ ಯಂತ್ರಕ್ಕೆ 16 ಆಂಪ್ ಸಾಕೆಟ್ ಹಾಕಿಸಿ.
– ಲೈನಿಗೆ 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆರುವ ಸ್ವಿಚ್) ಹಾಕಿಸಿ.
– ಅದರ ಟೆಸ್ಟ್ ಬಟನ್ನನ್ನು ಆಗಾಗ ಒತ್ತಿ ನೋಡಿ.
– ಪ್ರಿಂಟರಿನ ಲೋಹದ ಭಾಗ ಮುಟ್ಟಿದಾಗ ಕೈ ಜುಮ್ಮೆಂದರೆ ತಕ್ಷಣ ಗೋಡೆಯ ಸ್ವಿಚ್ ಆರಿಸಿ.

ಈ ಜುಮ್ಮೆನ್ನುವುದನ್ನು ಬಹಳ ಮಂದಿ ಲೆಕ್ಕಕ್ಕೇ ಇಡುವುದಿಲ್ಲ. ಇಡಲೇಬೇಕು. ಪ್ರಿಂಟರಿನ ಪವರ್ ಸಪ್ಲೈ ಒಳಗೆ ಪುಟ್ಟ ಕೆಪಾಸಿಟರುಗಳಿರುತ್ತವೆ. ಫೇಸ್, ನ್ಯೂಟ್ರಲ್ ಎರಡರಿಂದಲೂ ಅವು ಲೋಹದ ಕವಚಕ್ಕೆ ಸೇರಿರುತ್ತವೆ. ಅರ್ಥಿಂಗ್ ಇದ್ದರೆ ಅಲ್ಲಿ ಸೋರುವ ಅಲ್ಪ ಕರೆಂಟ್ ನೆಲಕ್ಕಿಳಿದು ಹೋಗುತ್ತದೆ. ಇಲ್ಲದಿದ್ದರೆ 230 ವೋಲ್ಟಿನ ಹೆಚ್ಚುಕಡಿಮೆ ಅರ್ಧ, ಸುಮಾರು 115 ವೋಲ್ಟ್, ಕವಚದ ಮೇಲೇ ನಿಲ್ಲುತ್ತದೆ. ಯುಎಸ್‌ಬಿ ತುದಿಯ ಹೊರತಗಡು ಸೇರುವುದೂ ಆ ಕವಚಕ್ಕೇ. ಯುಎಸ್‌ಬಿ ಕೆಲಸ ಮಾಡುವುದು ಬರೀ 5 ವೋಲ್ಟಿನಲ್ಲಿ. ಕೇಬಲ್ ತಾಗಿದ ಕ್ಷಣ ಸೋರಿಕೆ ಕಂಪ್ಯೂಟರಿನೊಳಗಿಂದ ದಾರಿ ಮಾಡಿಕೊಳ್ಳುತ್ತದೆ. ಪೋರ್ಟ್ ಸುಡಬಹುದು, ಕೆಲವು ಸಲ ಮದರ್‌ಬೋರ್ಡೇ ಹೋಗುತ್ತದೆ. ಇನ್ನು ಒಳಗಿನ ವೈರಿನ ಹೊದಿಕೆ ಹರಿದು ಫೇಸ್ ನೇರ ಕವಚಕ್ಕೆ ತಗುಲಿದರೆ ಬರುವುದು ಪೂರ್ತಿ 230 ವೋಲ್ಟ್. ಅದು ಆಳನ್ನು ಕೊಲ್ಲುತ್ತದೆ.

ಕೆಲವು ಇಂಕ್‌ಜೆಟ್, ಇಂಕ್ ಟ್ಯಾಂಕ್ ಪ್ರಿಂಟರುಗಳಿಗೆ ಕಂಪನಿಯೇ ಎರಡು ಪಿನ್ನಿನ ವೈರ್ ಕೊಟ್ಟಿರುತ್ತದೆ. ಅವು ಎರಡು ಪದರದ ಇನ್ಸುಲೇಷನ್ ಇಟ್ಟು ಮಾಡಿದ ಯಂತ್ರಗಳು. ಅವನ್ನು ಕೊಟ್ಟ ವೈರಿನಲ್ಲೇ ಬಳಸಿ.

ಪೆಟ್ಟಿಗೆಯಿಂದ ತೆಗೆದ ಮೇಲೆ

– ಪ್ರಿಂಟರನ್ನು ಮಟ್ಟವಾದ, ಅಲುಗಾಡದ ಮೇಜಿನ ಮೇಲಿಡಿ.
– ಗೋಡೆಗೂ ಪ್ರಿಂಟರಿಗೂ ನಡುವೆ ಒಂದು ಗೇಣು ಜಾಗ ಬಿಡಿ.
– ಪ್ಯಾಕಿಂಗ್ ಟೇಪುಗಳನ್ನು ಮುಚ್ಚಳ ತೆಗೆದು ಒಳಗೂ ಹುಡುಕಿ ಕೀಳಿ.
– ಟೋನರಿನ ಸೀಲ್ ಟೇಪನ್ನು ನೇರವಾಗಿ, ಪೂರ್ತಿ ಹೊರಗೆಳೆಯಿರಿ.
– ಮಾಡೆಲ್ ನಂಬರನ್ನು ಹಿಂಬದಿಯ ಸ್ಟಿಕ್ಕರ್ ನೋಡಿ ಒಂದಕ್ಷರವೂ ಬಿಡದೆ ಬರೆದುಕೊಳ್ಳಿ.

ಕೇಬಲ್

– ಪ್ರಿಂಟರ್ ಕೇಬಲ್ ಎಂದೇ ಕೇಳಿ ತನ್ನಿ. ಒಂದು ತುದಿ ಚಪ್ಪಟೆ, ಕಂಪ್ಯೂಟರಿಗೆ. ಇನ್ನೊಂದು ತುದಿ ಚೌಕ, ಮೇಲಿನ ಎರಡು ಮೂಲೆ ಕತ್ತರಿಸಿದಂತಿರುತ್ತದೆ, ಪ್ರಿಂಟರಿಗೆ.
– ಲ್ಯಾಪ್‌ಟಾಪಿನಲ್ಲಿ ಟೈಪ್ ಸಿ ಪೋರ್ಟ್ ಮಾತ್ರ ಇದ್ದರೆ ಸಿ ಇಂದ ಬಿ ಕೇಬಲ್ ತನ್ನಿ.
– 5 ಮೀಟರಿನೊಳಗಿನ ಕೇಬಲ್ ಆರಿಸಿ. ಯುಎಸ್‌ಬಿ 2.0 ಕೇಬಲಿಗೆ ಅದೇ ಮಿತಿ. ಮೇಜಿನ ಮೇಲಿನ ಪ್ರಿಂಟರಿಗೆ ಒಂದೂವರೆ ಮೀಟರ್ ಸಾಕು.
– ಡೆಸ್ಕ್‌ಟಾಪ್ ಆದರೆ ಕ್ಯಾಬಿನೆಟ್ಟಿನ ಹಿಂಬದಿಯ ಪೋರ್ಟ್ ಬಳಸಿ.
– ಕೇಬಲನ್ನು ಗೋಡೆಯ ಅಂಚಿಗೆ ಕ್ಲಿಪ್ ಹೊಡೆದು ಒಯ್ಯಿರಿ.

ಹಳೇ ಕ್ಯೂ ಖಾಲಿ ಮಾಡುವುದು

ಹೊಸ ಪ್ರಿಂಟರಿಗೆ ಇದು ಬೇಡ. ಈಗಾಗಲೇ ಇದ್ದ ಪ್ರಿಂಟರಿನ ಕೇಬಲ್ ಕಿತ್ತು ಮತ್ತೆ ಹಾಕುತ್ತಿದ್ದರೆ ತಪ್ಪದೆ ಮಾಡಿ.

– ಕೇಬಲ್ ಹಾಕುವ ಮೊದಲು ಪ್ರಿಂಟ್ ಕ್ಯೂ ತೆರೆದು ನೋಡಿ.
– ಅಲ್ಲಿರುವುದನ್ನೆಲ್ಲ ಕ್ಯಾನ್ಸಲ್ ಮಾಡಿ.
– ಹೋಗದೆ ಅಂಟಿಕೊಂಡಿದ್ದರೆ ಸರ್ವಿಸಸ್‌ನಲ್ಲಿ ಪ್ರಿಂಟ್ ಸ್ಪೂಲರ್ ನಿಲ್ಲಿಸಿ.
– ವಿಂಡೋಸ್, ಸಿಸ್ಟಮ್32, ಸ್ಪೂಲ್, ಪ್ರಿಂಟರ್ಸ್ ಫೋಲ್ಡರಿನೊಳಗಿನ ಫೈಲುಗಳನ್ನು ಅಳಿಸಿ.
– ಸ್ಪೂಲರನ್ನು ಮತ್ತೆ ಶುರು ಮಾಡಿ.

ಕಾರಣ ಸ್ಪಷ್ಟ. ಪ್ರಿಂಟರ್ ಸಿಗದಿದ್ದಾಗ ಗಿರಾಕಿಯೊಬ್ಬರ ಆಧಾರ್ ಪ್ರತಿಗೆ ನಾಲ್ಕು ಸಲ ಪ್ರಿಂಟ್ ಒತ್ತಿರುತ್ತೀರಿ. ಅವರು ಕಾದು ಬೇಸತ್ತು ಬೇರೆ ಅಂಗಡಿಗೆ ಹೋಗಿರುತ್ತಾರೆ. ಕೇಬಲ್ ಹಾಕಿದ ಕೂಡಲೇ ಆ ನಾಲ್ಕೂ ಹೊರಬರುತ್ತವೆ, ಯಾರೂ ನೋಡದೆ ಮುಂದಿನವರ ಪಹಣಿಯ ಜೊತೆ ಸೇರಿಕೊಳ್ಳುತ್ತವೆ. ಒಬ್ಬರ ಆಧಾರ್, ಪಾಸ್‌ಬುಕ್, ಜಾತಿ ಪ್ರಮಾಣಪತ್ರ ಗುರುತಿಲ್ಲದವರ ಕೈ ಸೇರಿದರೆ ವಾಪಸ್ ತರಲಾಗದು. ನಂಬಿ ಕಾಗದ ಕೊಟ್ಟವರಿಗೆ ನಾವು ಮಾಡುವ ದ್ರೋಹ ಅದು.

ಡ್ರೈವರ್

– ವಿಂಡೋಸ್ ಯಾವುದು, 32 ಬಿಟ್ಟೋ 64 ಬಿಟ್ಟೋ, ಮೊದಲು ನೋಡಿಕೊಳ್ಳಿ.
– ಬ್ರೌಸರಿನಲ್ಲಿ ಕಂಪನಿಯ ವೆಬ್‌ಸೈಟಿನ ವಿಳಾಸ ನೀವೇ ಟೈಪ್ ಮಾಡಿ.
– ಬರೆದಿಟ್ಟ ಮಾಡೆಲ್ ನಂಬರಿನದೇ ಡ್ರೈವರ್ ಇಳಿಸಿಕೊಳ್ಳಿ.
– ಸ್ಕ್ಯಾನರ್ ಇರುವ ಯಂತ್ರಕ್ಕೆ ಪೂರ್ತಿ ಪ್ಯಾಕೇಜ್ ಹಾಕಿ. ವಿಂಡೋಸ್ ತಾನಾಗಿ ಹಾಕಿಕೊಳ್ಳುವ ಡ್ರೈವರಿನಲ್ಲಿ ಪ್ರಿಂಟ್ ಬಂದರೂ ಎಷ್ಟೋ ಸಲ ಸ್ಕ್ಯಾನ್ ಬರುವುದಿಲ್ಲ.
– "ಈಗ ಕೇಬಲ್ ಜೋಡಿಸಿ" ಎಂದು ಪರದೆಯ ಮೇಲೆ ಬರುವವರೆಗೆ ಕಾಯಿರಿ.

ನಮ್ಮ ಜೆರಾಕ್ಸ್ ಅಂಗಡಿಗಳಲ್ಲಿ ಇಂದಿಗೂ ದುಡಿಯುತ್ತಿರುವ ಕ್ಯಾನನ್ ಎಲ್‌ಬಿಪಿ 2900 ನೋಡಿ. ಪುಟ ಹೇಗಿರಬೇಕೆಂದು ಅದು ತಾನಾಗಿ ಲೆಕ್ಕ ಹಾಕುವುದಿಲ್ಲ. ಕಂಪ್ಯೂಟರ್ ಪುಟವನ್ನು ಚುಕ್ಕಿಚುಕ್ಕಿಯಾಗಿ ಸಿದ್ಧಮಾಡಿ ಆ ಯಂತ್ರದ್ದೇ ಭಾಷೆಯಲ್ಲಿ ಕಳಿಸಬೇಕು. ಆ ಭಾಷೆ ಗೊತ್ತಿರುವುದು ಅದರ ಡ್ರೈವರಿಗೆ. ಹತ್ತಿರದ ಮಾಡೆಲಿನ ಡ್ರೈವರ್ ಹಾಕಿದರೆ ಏನೂ ಬರುವುದಿಲ್ಲ, ಇಲ್ಲವೇ ಅರ್ಥವಿಲ್ಲದ ಗುರುತುಗಳ ಪುಟಗಳು ಟ್ರೇ ಖಾಲಿಯಾಗುವವರೆಗೂ ಬರುತ್ತವೆ.

ಮ್ಯಾಕ್‌ನಲ್ಲಿ ಸಿಸ್ಟಮ್ ಸೆಟ್ಟಿಂಗ್ಸ್, ಪ್ರಿಂಟರ್ಸ್ ಅಂಡ್ ಸ್ಕ್ಯಾನರ್ಸ್‌ಗೆ ಹೋಗಿ ಪ್ರಿಂಟರ್ ಸೇರಿಸಿ.

ಜೋಡಿಸುವುದು

– ಪ್ರಿಂಟರ್ ಆನ್ ಮಾಡಿ ಹಸಿರು ದೀಪ ಮಿನುಗುವುದು ನಿಲ್ಲುವವರೆಗೆ ಬಿಡಿ.
– ಯುಎಸ್‌ಬಿ ಜಾಗದ ಮೇಲೆ ಸ್ಟಿಕ್ಕರ್ ಅಂಟಿಸಿದ್ದರೆ ಈಗ ಕೀಳಿ.
– ಚೌಕ ತುದಿಯನ್ನು ಪ್ರಿಂಟರಿಗೆ ಹಾಕಿ. ಕೆಲವು ಯಂತ್ರಗಳಲ್ಲಿ ಅದರ ಜಾಗ ಸ್ಕ್ಯಾನರ್ ಮುಚ್ಚಳದ ಒಳಗಿರುತ್ತದೆ.
– ಚಪ್ಪಟೆ ತುದಿಯನ್ನು ಕಂಪ್ಯೂಟರಿಗೆ ಹಾಕಿ. ಪೋರ್ಟ್ ಅಡ್ಡಲಾಗಿದ್ದರೆ ತ್ರಿಶೂಲದಂಥ ಗುರುತು ಮೇಲಿರಬೇಕು.
– ಎರಡೂ ತುದಿ ಕೊನೆಯವರೆಗೆ ಹೋಗಿವೆಯೇ ಎಂದು ಬೆರಳಿಟ್ಟು ನೋಡಿ.

ಆದ ಮೇಲೆ

– ಟೆಸ್ಟ್ ಪೇಜ್ ತೆಗೆಯಿರಿ.
– ಕನ್ನಡದ ಒಂದು ಪುಟವನ್ನೂ ತೆಗೆದು ಒತ್ತಕ್ಷರ ಸರಿ ಬಂದಿವೆಯೇ ನೋಡಿ.
– ವಿಂಡೋಸ್‌ನ ಪ್ರಿಂಟರ್ಸ್ ಅಂಡ್ ಸ್ಕ್ಯಾನರ್ಸ್‌ನಲ್ಲಿ, ಡಿಫಾಲ್ಟ್ ಪ್ರಿಂಟರನ್ನು ವಿಂಡೋಸ್ ತಾನೇ ಆರಿಸುವ ಆಯ್ಕೆಯನ್ನು ಆಫ್ ಮಾಡಿ.
– ನಿಮ್ಮ ಪ್ರಿಂಟರನ್ನು ನೀವೇ ಡಿಫಾಲ್ಟ್ ಮಾಡಿ.
– ಕೇಬಲ್ ಹಾಕಿದ ಪೋರ್ಟಿನ ಪಕ್ಕ ಚೀಟಿ ಅಂಟಿಸಿ.

ಚೀಟಿ ಯಾಕೆಂದರೆ, ಮಾರನೇ ದಿನ ಕಸ ಗುಡಿಸುವಾಗ ಕಳಚಿದ ಕೇಬಲನ್ನು ಬೇರೆ ಪೋರ್ಟಿಗೆ ಹಾಕಿದರೆ ವಿಂಡೋಸ್ ಅದನ್ನು ಹೊಸ ಪ್ರಿಂಟರ್ ಎಂದುಕೊಂಡು ಹೆಸರಿನ ಮುಂದೆ "ಕಾಪಿ 1" ಹಚ್ಚುವುದುಂಟು. ಹಳೇ ಹೆಸರಿಗೆ ಕಳಿಸಿದ್ದೆಲ್ಲ ಆಫ್‌ಲೈನ್ ಎಂದು ನಿಲ್ಲುತ್ತದೆ. ಪ್ರಿಂಟರ್ ಕೆಟ್ಟಿತೆಂದು ರಿಪೇರಿಯವರನ್ನು ಕರೆಸುವ ಮೊದಲು ಹಳೇ ಪೋರ್ಟಿಗೆ ಹಾಕಿ ನೋಡಿ. ಆಗದಿದ್ದರೆ ಪ್ರಿಂಟರ್ ಪ್ರಾಪರ್ಟೀಸ್‌ನ ಪೋರ್ಟ್ಸ್‌ನಲ್ಲಿ ಯುಎಸ್‌ಬಿ001, ಯುಎಸ್‌ಬಿ002 ಇವುಗಳಲ್ಲಿ ಸರಿಯಾದದ್ದಕ್ಕೆ ಟಿಕ್ ಹಾಕಿ.

ಹಳೇ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್

ಕಾರ್ಬನ್ ಪ್ರತಿ ಬೇಕಿರುವ ಸೊಸೈಟಿ, ಗೋದಾಮು, ಲಾರಿ ಆಫೀಸುಗಳಲ್ಲಿ ಇವು ಇನ್ನೂ ಇವೆ. ಇವುಗಳಲ್ಲಿ ಹಲವಕ್ಕೆ ಅಗಲದ ಪ್ಯಾರಲಲ್ ಕೇಬಲ್: ಕಂಪ್ಯೂಟರ್ ಕಡೆ 25 ಪಿನ್, ಪ್ರಿಂಟರ್ ಕಡೆ 36. ಇದು ಯುಎಸ್‌ಬಿಯಂತಲ್ಲ.

– ಪ್ರಿಂಟರನ್ನೂ ಕಂಪ್ಯೂಟರನ್ನೂ ಪೂರ್ತಿ ಆಫ್ ಮಾಡಿ.
– ಪಿನ್ ಬಗ್ಗಿಲ್ಲವೆಂದು ಬೆಳಕಿಗೆ ಹಿಡಿದು ನೋಡಿ.
– ಕಂಪ್ಯೂಟರ್ ಕಡೆ ಸ್ಕ್ರೂ, ಪ್ರಿಂಟರ್ ಕಡೆ ತಂತಿಯ ಕ್ಲಿಪ್ ಎರಡನ್ನೂ ಬಿಗಿ ಮಾಡಿ.
– ಪೋರ್ಟ್ ಎಲ್‌ಪಿಟಿ1 ಎಂದು ಆರಿಸಿ.

ಮಾಡಬಾರದ್ದು

ಕರೆಂಟ್

– ಮೂರು ಪಿನ್ನಿನ ಪ್ಲಗ್ಗಿನಿಂದ ದಪ್ಪ ಪಿನ್ ಮುರಿದು ತೆಗೆಯಬಾರದು.
– ಮೂರು ಪಿನ್ನಿಂದ ಎರಡು ಪಿನ್ ಮಾಡುವ ಕನ್ವರ್ಟರ್ ಬೇಡ.
– ಬರಿಯ ವೈರ್ ತುದಿಗಳನ್ನು ಸಾಕೆಟ್ಟಿಗೆ ಸಿಕ್ಕಿಸಿ ಬೆಂಕಿಕಡ್ಡಿ ತುರುಕುವುದು ಬೇಡವೇ ಬೇಡ.
– ಅರ್ಥಿಂಗ್ ಬದಲು ನ್ಯೂಟ್ರಲ್ ತಂತಿಯನ್ನೇ ಮೂರನೇ ಪಿನ್ನಿಗೆ ಸೇರಿಸಬಾರದು. ನ್ಯೂಟ್ರಲ್ ಕಡಿದರೆ ಪ್ರಿಂಟರಿನ ಮೈಯೆಲ್ಲ ಫೇಸ್ ಆಗುತ್ತದೆ.
– ಕೈ ಜುಮ್ಮೆನ್ನುವ ಪ್ರಿಂಟರಿಗೆ ಯುಎಸ್‌ಬಿ ಕೇಬಲ್ ಹಾಕಬಾರದು.
– ಲೇಸರ್ ಪ್ರಿಂಟರನ್ನು ಯುಪಿಎಸ್‌ಗೆ ಹಾಕಬಾರದು. 600 ವಿಎ ಯುಪಿಎಸ್ ಹೊರುವುದು ಸುಮಾರು 360 ವಾಟ್. ಲೇಸರ್ ಬಿಸಿಯಾಗುವ ಕ್ಷಣದಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ಎಳೆಯುತ್ತದೆ. ಯುಪಿಎಸ್ ಕೂಗಿ ಟ್ರಿಪ್ ಆಗುತ್ತದೆ, ಕಂಪ್ಯೂಟರ್ ಆರುತ್ತದೆ, ಅರ್ಧ ತುಂಬಿದ ಅರ್ಜಿ ಹೋಗುತ್ತದೆ. ಕೊನೇ ದಿನವಾದರೆ ಅರ್ಜಿ ಹಾಕಲು ಬಂದ ಹುಡುಗಿಯ ಒಂದು ವರ್ಷ ಹೋಗುತ್ತದೆ.
– ಒಂದು ಎಕ್ಸ್‌ಟೆನ್ಷನ್ ಬಾಕ್ಸಿಗೆ ಇನ್ನೊಂದನ್ನು ಪೋಣಿಸಬಾರದು.
– ಒದ್ದೆ ಕೈಯಲ್ಲಿ ಪ್ಲಗ್ ಮುಟ್ಟಬಾರದು.
– ಅಪಾಯವಿಲ್ಲದಾಗ ಇಂಕ್ ಪ್ರಿಂಟರನ್ನು ಗೋಡೆಯ ಸ್ವಿಚ್ಚಿನಿಂದ ನೇರ ಆರಿಸುವುದು ಬೇಡ. ಹೆಡ್ ತನ್ನ ಜಾಗಕ್ಕೆ ಹೋಗಿ ಮುಚ್ಚಿಕೊಳ್ಳದೆ ಇಂಕ್ ಒಣಗುತ್ತದೆ.

ಕೇಬಲ್

– ಡ್ರೈವರ್ ಕೇಳುವ ಮೊದಲು ಯುಎಸ್‌ಬಿ ಹಾಕುವುದು ಬೇಡ. ವಿಂಡೋಸ್ ತನಗೆ ತಿಳಿದ ಯಾವುದೋ ಡ್ರೈವರಿಗೆ ಪ್ರಿಂಟರನ್ನು ಕಟ್ಟಿಹಾಕುತ್ತದೆ. ಅದನ್ನು ಬಿಡಿಸುವುದು ಹೊಸದಾಗಿ ಹಾಕುವುದಕ್ಕಿಂತ ಕಷ್ಟ.
– ಹೋಗದ ತುದಿಯನ್ನು ಒತ್ತಿ ತುರುಕಬಾರದು.
– ಕಾಣದ ಜಾಗಕ್ಕೆ ಕೈ ತಡಕಾಡಿ ಹಾಕಬಾರದು. ಯುಎಸ್‌ಬಿ ತುದಿ ನೆಟ್‌ವರ್ಕ್ ಸಾಕೆಟ್ಟಿಗೂ ನುಗ್ಗುತ್ತದೆ, ಒಳಗಿನ ತಂತಿಗಳನ್ನು ಬಗ್ಗಿಸುತ್ತದೆ.
– ಫ್ಯಾಕ್ಸ್ ಇರುವ ಯಂತ್ರದ "ಲೈನ್" ಸಾಕೆಟ್ಟಿಗೆ ಫೋನ್ ತಂತಿ ಬಿಟ್ಟು ಬೇರೇನೂ ಬೇಡ.
– ಪ್ರಿಂಟರಿಗೂ ಕಂಪ್ಯೂಟರಿಗೂ ನಡುವೆ ಅಗ್ಗದ ಯುಎಸ್‌ಬಿ ಹಬ್ ಬೇಡ.
– ಎರಡು ಕೇಬಲ್ ಗಂಟು ಹಾಕಿ ಉದ್ದ ಮಾಡಬಾರದು.
– ಜನ ನಡೆಯುವ ಕಡೆ ನೆಲದ ಮೇಲೆ ಕೇಬಲ್ ಬಿಡಬಾರದು.
– ಕುರ್ಚಿಯ ಗಾಲಿ ಹತ್ತಿ ಚಪ್ಪಟೆಯಾದ ಕೇಬಲನ್ನು ಟೇಪು ಸುತ್ತಿ ಬಳಸುವುದು ಬೇಡ.
– ಪ್ರಿಂಟ್ ಬರುತ್ತಿರುವಾಗ ಕೇಬಲ್ ಎಳೆಯಬಾರದು.
– ಪ್ಯಾರಲಲ್ ಕೇಬಲನ್ನು ಪ್ರಿಂಟರ್ ಆನ್ ಇರುವಾಗ ಕೀಳಲೂಬಾರದು, ಹಾಕಲೂಬಾರದು. ಎರಡೂ ಕಡೆಯ ಚಿಪ್ ಸುಡುವ ಅಪಾಯವಿದೆ.

ಡ್ರೈವರ್

– "ಡ್ರೈವರ್ ಅಪ್‌ಡೇಟರ್" ಎಂದು ತಾನೇ ಎದುರಿಗೆ ಬರುವ ತಂತ್ರಾಂಶ ಬೇಡ.
– ಅವರಿವರ ಪೆನ್‌ಡ್ರೈವಿನಿಂದ ಡ್ರೈವರ್ ಹಾಕುವುದು ಬೇಡ.
– ಡ್ರೈವರಿಗಾಗಿ ಆಂಟಿವೈರಸ್ ಆಫ್ ಮಾಡಬಾರದು.
– "ಜೆನೆರಿಕ್, ಟೆಕ್ಸ್ಟ್ ಓನ್ಲಿ" ಎಂಬ ಡ್ರೈವರ್ ಆರಿಸಬಾರದು. ಅದು ಕಳಿಸುವುದು ಬರೀ ಅಕ್ಷರದ ಸಂಕೇತ, ಅಚ್ಚಾಗುವುದು ಪ್ರಿಂಟರಿನ ಒಳಗೇ ಇರುವ ಅಕ್ಷರ. ಕನ್ನಡ ಅಲ್ಲಿಲ್ಲ. ರೈತನ ಹೆಸರಿದ್ದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬರುತ್ತದೆ.
– ಸ್ಪೂಲ್ ಒಳಗಿನ ಪ್ರಿಂಟರ್ಸ್ ಫೋಲ್ಡರನ್ನೇ ಅಳಿಸಬಾರದು.
– ಬರಲಿಲ್ಲವೆಂದು ಮತ್ತೆ ಮತ್ತೆ ಪ್ರಿಂಟ್ ಒತ್ತುವುದು ಬೇಡ.

ಗೂಗಲ್‌ನಲ್ಲಿ ಸಿಕ್ಕ ಫೋನ್ ನಂಬರ್

ಪ್ರಿಂಟರ್ ಆಫ್‌ಲೈನ್ ಎಂದು ಹುಡುಕಿದರೆ ಕಂಪನಿಯ ಹೆಸರು, ಲಾಂಛನ ಹಾಕಿಕೊಂಡ ನಕಲಿ ಸಹಾಯವಾಣಿಗಳೂ ಎದುರಾಗುತ್ತವೆ. ಕರೆ ಮಾಡಿದರೆ ವಿನಯದಿಂದ ಮಾತಾಡುತ್ತಾರೆ. ಕಂಪ್ಯೂಟರಿಗೆ ವೈರಸ್ ಬಂದಿದೆ ಎನ್ನುತ್ತಾರೆ, ಒಂದು ಆಪ್ ಹಾಕಿಸುತ್ತಾರೆ, ಸಣ್ಣ ಶುಲ್ಕ ಕೇಳುತ್ತಾರೆ. ಆಮೇಲೆ ಖಾತೆ ಬರಿದಾಗುತ್ತದೆ. ಸೇವಾ ಕೇಂದ್ರದ ಕಂಪ್ಯೂಟರಾದರೆ ಅದರಲ್ಲಿರುವ ಊರಿನವರ ದಾಖಲೆಗಳೂ ಅವರ ಪಾಲಾಗುತ್ತವೆ.

– ಹುಡುಕಾಟದಲ್ಲಿ ಕಂಡ ನಂಬರಿಗೆ ಕರೆ ಬೇಡ. ವಾರಂಟಿ ಕಾರ್ಡಿನ ಮೇಲಿರುವ ನಂಬರ್ ಮಾತ್ರ.
– ಎನಿಡೆಸ್ಕ್, ಟೀಮ್‌ವ್ಯೂವರ್‌ನಂಥ ಆಪ್ ಅಪರಿಚಿತರ ಮಾತಿಗೆ ಹಾಕಬಾರದು.
– ಡ್ರೈವರಿಗೆ ದುಡ್ಡು ಕೊಡುವುದು ಬೇಡ. ಕಂಪನಿಗಳು ಅದನ್ನು ಬಿಟ್ಟಿಯಾಗಿ ಕೊಡುತ್ತವೆ.
– ಒಟಿಪಿ ಹೇಳಬಾರದು. ಯಾರಿಗೂ.
– ಹಣ ಹೋಗಿದ್ದರೆ ನಾಚಿಕೆಪಟ್ಟು ಸುಮ್ಮನಿರುವುದು ಬೇಡ. ಇಂಟರ್‌ನೆಟ್ ಕಿತ್ತು ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ತಡವಾದಷ್ಟೂ ಹಣ ಖಾತೆಯಿಂದ ಖಾತೆಗೆ ದಾಟಿಹೋಗುತ್ತದೆ.

ಪ್ರಿಂಟರಿನೊಳಗೆ ಕೈ

– ಈಗಷ್ಟೇ ಪ್ರಿಂಟ್ ಕೊಟ್ಟ ಲೇಸರಿನ ಹಿಂಬಾಗಿಲು ತೆರೆದು ಕೈ ಹಾಕಬಾರದು. ಅಲ್ಲಿನ ಫ್ಯೂಸರ್ ರೋಲರ್ 200 ಡಿಗ್ರಿ ಸೆಲ್ಸಿಯಸ್ ಆಸುಪಾಸು ಕಾಯುತ್ತದೆ.
– ದುಪಟ್ಟ, ಸೆರಗು, ಜಡೆ, ಕೊರಳಿನ ಐಡಿ ಕಾರ್ಡ್ ದಾರ ರೋಲರ್ ಮೇಲೆ ಜೋತುಬೀಳಬಾರದು.
– ಸಿಕ್ಕಿಕೊಂಡ ಕಾಗದವನ್ನು ಪ್ಲಗ್ ಕೀಳದೆ ಎಳೆಯಬಾರದು.
– ಚೆಲ್ಲಿದ ಟೋನರನ್ನು ಬಾಯಲ್ಲಿ ಊದಬಾರದು. ಒದ್ದೆ ಬಟ್ಟೆಯಲ್ಲಿ ಒರೆಸಿ.
– ಟೋನರ್ ಮೆತ್ತಿದ ಕೈಯನ್ನು ಬಿಸಿನೀರಿನಲ್ಲಿ ತೊಳೆಯುವುದು ಬೇಡ. ತಣ್ಣೀರು, ಸೋಪು ಸಾಕು.
– ಇಂಕ್ ತುಂಬಿದ ಟ್ಯಾಂಕ್ ಪ್ರಿಂಟರನ್ನು ಓರೆಮಾಡಿ ಹೊರಬಾರದು.

ಗುಡುಗು, ಮಳೆ, ಲೈನಿನ ಏರುಪೇರು

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಸ್ವಿಚ್ ಆರಿಸಿದರೆ ಸಾಕೆಂದುಕೊಳ್ಳುವವರು ಹೆಚ್ಚು. ಸಾಲದು. ಸಿಡಿಲಿನ ಹೊಡೆತ ಸ್ವಿಚ್ಚನ್ನು ಹಾರಿ ದಾಟುತ್ತದೆ. ಪ್ರಿಂಟರಿಗೆ ಬಡಿದದ್ದು ಯುಎಸ್‌ಬಿ ಕೇಬಲ್ ಹಿಡಿದು ಕಂಪ್ಯೂಟರಿಗೂ ಬರುತ್ತದೆ.

– ಮೋಡ ಕಟ್ಟಿದಾಗಲೇ ಪ್ಲಗ್, ಯುಎಸ್‌ಬಿ, ಫೋನ್ ತಂತಿ ಮೂರನ್ನೂ ಕಿತ್ತಿಡಿ.
– ಗುಡುಗು ಶುರುವಾದ ಮೇಲೆ ಕೇಬಲ್ ಮುಟ್ಟುವುದು ಬೇಡ.
– ಬಲ್ಬು ಇದ್ದಕ್ಕಿದ್ದಂತೆ ಕಣ್ಣು ಕೋರೈಸುವಷ್ಟು ಉರಿದರೆ ಪ್ರಿಂಟರ್ ಆನ್ ಇಡಬಾರದು. ಲೈನಿನ ನ್ಯೂಟ್ರಲ್ ಕಡಿದಿರುತ್ತದೆ, 230ರ ಜಾಗದಲ್ಲಿ 400ರ ಹತ್ತಿರದ ವೋಲ್ಟೇಜ್ ಬರಬಹುದು. ಮೇನ್ ಆರಿಸಿ ವಿದ್ಯುತ್ ಸಹಾಯವಾಣಿ 1912ಕ್ಕೆ ತಿಳಿಸಿ.
– ನೀರು ಹೊಕ್ಕ ಪ್ರಿಂಟರನ್ನು ಹೇರ್ ಡ್ರೈಯರ್ ಹಿಡಿದು ಒಣಗಿಸಿ ಆನ್ ಮಾಡುವುದು ಬೇಡ.

ಅವಘಡವಾದರೆ

– ಸುಟ್ಟ ವಾಸನೆ ಬಂದರೆ ಪ್ರಿಂಟರಿನ ಬಟನ್ ಹುಡುಕುತ್ತಾ ನಿಲ್ಲಬಾರದು. ಮೇನ್ ಆರಿಸಿ.
– ಹೊತ್ತಿದ ಯಂತ್ರಕ್ಕೆ ನೀರು ಸುರಿಯಬಾರದು. ಒಣ ಪುಡಿಯ ಅಥವಾ ಕಾರ್ಬನ್ ಡೈಆಕ್ಸೈಡ್ ನಂದಕ ಬಳಸಿ.
– ಬೆಂಕಿ ಹಿಡಿತಕ್ಕೆ ಬರದಿದ್ದರೆ ಒಳಗಿನ ಕಾಗದಪತ್ರಕ್ಕೆಂದು ಮತ್ತೆ ಹೋಗಬಾರದು. ಹೊರಗೆ ಬಂದು 112ಕ್ಕೆ ಕರೆ ಮಾಡಿ.
– ಶಾಕ್ ಹೊಡೆದು ಅಂಟಿಕೊಂಡವರನ್ನು ಬರಿಗೈಯಲ್ಲಿ ಎಳೆಯಬಾರದು. ಮೊದಲು ಮೇನ್ ಆರಿಸಿ. ಆಗದಿದ್ದರೆ ಒಣ ಮರದ ಕೋಲಿನಿಂದ ದೂರ ತಳ್ಳಿ.
– ಎದ್ದು ಕೂತು ಮಾತಾಡುತ್ತಿದ್ದಾರೆಂದು ಮನೆಗೆ ಕಳಿಸಬಾರದು. ಹೃದಯದ ಬಡಿತ ಆಮೇಲೂ ತಪ್ಪಬಹುದು. 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸೇರಿಸಿ.
– ಕಾರಣ ಸಿಗುವವರೆಗೆ ಆ ಪ್ರಿಂಟರನ್ನು ಯಾವ ಸಾಕೆಟ್ಟಿಗೂ ಹಾಕಬಾರದು.